ಓದುಗರ ಪ್ರಶ್ನೆ: ಜಾನ್ ಮ್ಯಾಕ್‌ಲಾಫ್ಲಿನ್ ಗಿಟಾರಿಗೆ ಗಮಕ ಎಲ್ಲಿಂದ ಬಂತು?

ಪ್ರಶ್ನೆ: "ಜಾನ್ ಮ್ಯಾಕ್‌ಲಾಫ್ಲಿನ್ ನಮ್ಮ ಕಲಾವಿದರ ಜೊತೆ ನುಡಿಸಿದ ಶಕ್ತಿ ತಂಡದ ಹಳೆಯ ರೆಕಾರ್ಡಿಂಗ್ ಕೇಳುವಾಗ ಕೆಲವು ಕಡೆ ನುಡಿಯುತ್ತಿರುವುದು ವೀಣೆಯೋ ಗಿಟಾರೋ ಅಂತಲೇ ಗೊತ್ತಾಗುವುದಿಲ್ಲ. ಅವರು ಜಾಝ್ ಗಿಟಾರ್ ವಾದಕರು ಅಲ್ವಾ? ಅವರಿಗೆ ಈ ಗಮಕ ಹೇಗೆ ಬಂತು? ನಾನು ಮನೆಯಲ್ಲಿ ಗಿಟಾರ್ ಮೇಲೆ ಎಷ್ಟು ಎಳೆದರೂ ಬರುತ್ತಿಲ್ಲ."

ನಿಮ್ಮ ಬೆರಳಿನ ತಪ್ಪಲ್ಲ, ಮೊದಲು ಅದು ಗೊತ್ತಿರಲಿ. ಅವರ ಕೈಯಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ಗಿಟಾರ್ ಅಲ್ಲ. ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ನಡುವಿನ ಮರವನ್ನು ತಗ್ಗಾಗಿ ಕೆತ್ತಿ, ಆರು ತಂತಿಗಳ ಕೆಳಗೆ ಇನ್ನೂ ಏಳು ತಂತಿ ಓರೆಯಾಗಿ ಹಾಯಿಸಿ, ಅವರಿಗಾಗಿಯೇ ಮಾಡಿದ ವಾದ್ಯ ಅದು. ಆದರೆ ಆ ಗಿಟಾರನ್ನು ಇವತ್ತು ನಿಮ್ಮ ಕೈಗೆ ಕೊಟ್ಟರೂ ಗಮಕ, ಅಂದರೆ ಸ್ವರವನ್ನು ತೂಗಿ ಬಳುಕಿಸುವುದು, ಬರುವುದಿಲ್ಲ. ವಾದ್ಯ ಬದಲಾಗುವ ಮೊದಲು ಅವರ ಕಿವಿ ಬದಲಾಗಿತ್ತು. ಅದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮ್ಯಾಕ್‌ಲಾಫ್ಲಿನ್ ಹುಟ್ಟಿದ್ದು 1942ರ ಜನವರಿ 4ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಡಾಂಕ್ಯಾಸ್ಟರ್ ಊರಲ್ಲಿ. ತಾಯಿ ಪಿಟೀಲು ನುಡಿಸುತ್ತಿದ್ದರು. ಮಗನಿಗೂ ಮೊದಲು ಪಿಟೀಲು, ಪಿಯಾನೋ ಪಾಠ ಆಯಿತು. ಗಿಟಾರ್ ಕೈಗೆ ಬಂದಿದ್ದು 11ನೇ ವಯಸ್ಸಿನಲ್ಲಿ. ಆಮೇಲೆ ಆ ಹುಡುಗ ಕೇಳಿದ್ದರ ಪಟ್ಟಿ ನೋಡಿ: ಮಡ್ಡಿ ವಾಟರ್ಸ್, ಬಿಗ್ ಬಿಲ್ ಬ್ರೂನ್ಜಿ ಅವರ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ), ಸ್ಪೇನಿನ ಫ್ಲಮೆಂಕೊ, ಜಾಂಗೋ ರೈನ್‌ಹಾರ್ಟ್ ಗಿಟಾರ್ ಮತ್ತು ಸ್ಟೆಫಾನ್ ಗ್ರಾಪೆಲ್ಲಿ ಪಿಟೀಲು ಸೇರಿದ ಪ್ಯಾರಿಸ್ಸಿನ ಜಾಝ್, ಆಮೇಲೆ ಜಾಝ್ ಗಿಟಾರಿನ ಟಾಲ್ ಫಾರ್ಲೋ. ಇವುಗಳಲ್ಲಿ ಬ್ಲೂಸ್ ವಿಷಯ ಮುಖ್ಯ. ಬ್ಲೂಸ್ ಗಿಟಾರಿನವರು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಅಳುವ ಹಾಗೆ, ನರಳುವ ಹಾಗೆ ಮಾಡುತ್ತಾರೆ. ಸ್ವರ ಅನ್ನುವುದು ಒಂದೇ ಕಡೆ ಕೂತಿರಬೇಕಾಗಿಲ್ಲ, ಓಡಾಡಬಹುದು ಅನ್ನುವ ಪಾಠ ಅವರಿಗೆ ಎಳೆಯ ವಯಸ್ಸಿನಲ್ಲೇ ಸಿಕ್ಕಿತ್ತು. ವೀಣೆಗೆ ಹೋಗುವ ದಾರಿಯ ಮೊದಲ ಹೆಜ್ಜೆ ನನ್ನ ಪ್ರಕಾರ ಇಲ್ಲೇ ಇದೆ.

60ರ ದಶಕದಲ್ಲಿ ಲಂಡನ್, 1969ರ ಆರಂಭದಲ್ಲಿ ನ್ಯೂಯಾರ್ಕ್. ಡ್ರಮ್ಸ್‌ನ ಟೋನಿ ವಿಲಿಯಮ್ಸ್ ಕರೆದರು ಅಂತ ಹೋದವರು ಅದೇ ಫೆಬ್ರವರಿಯಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಸ್ಟುಡಿಯೋದಲ್ಲಿ ಕೂತಿದ್ದರು. ಗಿಟಾರ್ ನುಡಿಸಲು ಬರದವನ ಹಾಗೆ ನುಡಿಸು ಅಂತ ಮೈಲ್ಸ್ ಅಲ್ಲಿ ಹೇಳಿದ್ದನ್ನು ಮ್ಯಾಕ್‌ಲಾಫ್ಲಿನ್ ಹಲವು ಸಲ ನೆನಪಿಸಿಕೊಂಡಿದ್ದಾರೆ. ಆ ಕಾಲದ ಜಾಝ್‌ನಲ್ಲಿ ಇನ್ನೊಂದು ದೊಡ್ಡ ಬದಲಾವಣೆಯೂ ಆಗಿತ್ತು. ಮೊದಲು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಪಟಪಟನೆ ಬದಲಾಗುತ್ತಿದ್ದವು, ವಾದಕರು ಅದರ ಹಿಂದೆ ಓಡಬೇಕಿತ್ತು. ಮೈಲ್ಸ್, ಸ್ಯಾಕ್ಸೊಫೋನ್‌ನ ಜಾನ್ ಕೋಲ್ಟ್ರೇನ್ ಅಂಥವರು ಒಂದೇ ಸ್ವರಶ್ರೇಣಿಯಲ್ಲಿ ನಿಂತು, ಅದನ್ನೇ ಬಗೆಬಗೆಯಾಗಿ ಬಿಡಿಸಲು ಶುರು ಮಾಡಿದ್ದರು. ಇದು ರಾಗ ಕೇಳುವ ನಮಗೆ ಪರಿಚಯದ ಜಾಗ, ಅಲ್ವಾ? ಕೋಲ್ಟ್ರೇನ್ ತಮ್ಮ ಮಗನಿಗೆ ಪಂಡಿತ್ ರವಿಶಂಕರ್ ಮೇಲಿನ ಗೌರವದಿಂದ ರವಿ ಅಂತಲೇ ಹೆಸರಿಟ್ಟರು. ಮ್ಯಾಕ್‌ಲಾಫ್ಲಿನ್‌ಗೆ ಕೋಲ್ಟ್ರೇನ್ ಅಂದರೆ ಪ್ರಾಣ.

1971ರಲ್ಲಿ ಅವರು ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಮಹಾವಿಷ್ಣು ಅನ್ನುವುದು ಮ್ಯಾಕ್‌ಲಾಫ್ಲಿನ್‌ಗೆ ಅವರ ಗುರು ಶ್ರೀ ಚಿನ್ಮಯ್ ಕೊಟ್ಟ ಹೆಸರು. ಆಗ ಕೈಯಲ್ಲಿದ್ದದ್ದು ಎರಡು ಕತ್ತಿನ ಗಿಬ್ಸನ್ ಎಲೆಕ್ಟ್ರಿಕ್ ಗಿಟಾರ್. ಒಂದು ಕತ್ತಿನಲ್ಲಿ 12 ತಂತಿ, ಇನ್ನೊಂದರಲ್ಲಿ 6. ಕಿವಿ ತುಂಬುವ ಶಬ್ದ, ಮಿಂಚಿನ ವೇಗ. ಅದರ ಬಗ್ಗೆ ಬರೆಯಲು ಬೇಕಾದಷ್ಟಿದೆ, ಇನ್ನೊಮ್ಮೆ ಬರೆಯುತ್ತೇನೆ. ಇಲ್ಲಿ ನಮಗೆ ಬೇಕಾಗಿರುವುದು ಅದೇ ಹೊತ್ತಿಗೆ ಸದ್ದಿಲ್ಲದೆ ನಡೆಯುತ್ತಿದ್ದ ಇನ್ನೊಂದು ಕೆಲಸ. ಸಾವಿರಾರು ಜನರ ಮುಂದೆ ನುಡಿಸುತ್ತಿದ್ದ ಈ ಮನುಷ್ಯ ಅಮೆರಿಕದ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡಾ. ಎಸ್. ರಾಮನಾಥನ್ ಅವರ ಮುಂದೆ ಶಿಷ್ಯನಾಗಿ ಕೂತು ವೀಣೆ ಕಲಿಯುತ್ತಿದ್ದರು.

ವೀಣೆಯೇ ಯಾಕೆ ಅನ್ನುವುದಕ್ಕೆ ಒಂದು ಸರಳ ಕಾರಣ ಇದೆ. ಅದಕ್ಕೂ ಗಿಟಾರಿನ ಹಾಗೆ ಮೆಟ್ಟಿಲುಗಳಿವೆ, ಅದನ್ನೂ ಮೀಟಿಯೇ ನುಡಿಸುವುದು. ಗಿಟಾರಿನವರಿಗೆ ಪಿಟೀಲಿಗಿಂತ, ಕೊಳಲಿಗಿಂತ ವೀಣೆಯ ಲೆಕ್ಕ ಬೇಗ ಅರ್ಥವಾಗುತ್ತದೆ. ಹತ್ತಿರದ ನೆಂಟ, ಆದರೆ ಸ್ವಭಾವ ಬೇರೆ. ಆ ವ್ಯತ್ಯಾಸ ಎಷ್ಟು ಅಂತ ನನಗೆ ಗೊತ್ತಾಗಿದ್ದು ಎರಡನ್ನೂ ಒಂದೇ ಮಧ್ಯಾಹ್ನ ಮುಟ್ಟಿದಾಗ.

ನನ್ನ ಹತ್ತಿರ ಸ್ಟೀಲ್ ತಂತಿಯ ಒಂದು ಸಾಧಾರಣ ಗಿಟಾರ್ ಇದೆ. ಮೂರನೇ ತಂತಿ, ಏಳನೇ ಫ್ರೆಟ್. ಅಲ್ಲಿ ಒತ್ತಿ ಮೀಟಿ, ಅದನ್ನು ಷಡ್ಜ ಅಂತ ಇಟ್ಟುಕೊಂಡು, ತಂತಿಯನ್ನು ಮೇಲಕ್ಕೆ ತಳ್ಳಿದೆ. ರಿಷಭದ ಹತ್ತಿರ ಹೋಗುವಷ್ಟರಲ್ಲಿ ಬೆರಳ ತುದಿಯ ಚರ್ಮ ಮರಕ್ಕೆ ಉಜ್ಜಿ ಉರಿಯತೊಡಗಿತು, ಉಗುರಿನ ಬುಡ ಬೆಳ್ಳಗಾಯಿತು, ಸ್ವರ ಸತ್ತೇಹೋಯಿತು. ಆಮೇಲೆ ಅತ್ತೆಯ ವೀಣೆಯ ಮುಂದೆ ಕೂತೆ. ನನಗೆ ವೀಣೆ ಬರುವುದಿಲ್ಲ, ಸುಮ್ನೆ ಎಳೆದು ನೋಡಿದೆ. ಬೆರಳ ಕೆಳಗೆ ಮರವೇ ಸಿಗಲಿಲ್ಲ! ಮೇಣದ ಮೇಲೆ ಎತ್ತರಕ್ಕೆ ಕೂರಿಸಿದ 24 ಮೆಟ್ಟಿಲು, ಮಧ್ಯೆ ಬರೀ ಗಾಳಿ. ತಂತಿ ಮೆಟ್ಟಿಲ ಮೇಲೆ ಜಾರಿಕೊಂಡು ಹೋಯಿತು. ಷಡ್ಜದಿಂದ ರಿಷಭ, ಗಾಂಧಾರ ದಾಟಿ ಮಧ್ಯಮ ಮುಟ್ಟಿದರೂ ಸ್ವರ ಇನ್ನೂ ಜೀವ ಹಿಡಿದುಕೊಂಡಿತ್ತು.

ಇದರ ಹಿಂದಿನ ಲೆಕ್ಕ ಚಿಕ್ಕದು. ಒಂದೇ ಉದ್ದದ ತಂತಿಯಲ್ಲಿ ಸ್ವರ ಏರಬೇಕಾದರೆ ಬಿಗಿತ ಏರಬೇಕು, ಅದೂ ವರ್ಗದ ಲೆಕ್ಕದಲ್ಲಿ. ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಹೋಗಲು ಬಿಗಿತ ಸುಮಾರು 27% ಜಾಸ್ತಿಯಾಗಬೇಕು. ಶುದ್ಧ ಮಧ್ಯಮಕ್ಕೆ ಹೋಗಬೇಕಾದರೆ ಸುಮಾರು 78% ಜಾಸ್ತಿ. ಅಷ್ಟೊಂದು ಶಕ್ತಿ ಹಾಕುವಾಗ ಬೆರಳು ಮರಕ್ಕೂ ಉಜ್ಜುತ್ತಿದ್ದರೆ ಹತೋಟಿ ಎಲ್ಲಿ ಸಿಗುತ್ತದೆ? ಗಮಕ ಅಂದರೆ ಬರೀ ಏರುವುದಲ್ಲ. ಏರಿ, ಅರೆಕ್ಷಣ ನಿಂತು, ತೂಗಿ, ಎಲ್ಲಿಗೆ ಬೇಕೋ ಅಲ್ಲಿಗೇ ಇಳಿಯಬೇಕು.

ಈ ತೊಂದರೆಗೆ ಮ್ಯಾಕ್‌ಲಾಫ್ಲಿನ್ ಕಂಡುಕೊಂಡ ದಾರಿ ಗಿಟಾರನ್ನೇ ವೀಣೆಯ ಕಡೆಗೆ ಒಂದಿಷ್ಟು ಸರಿಸುವುದು. ಮೊದಲು ಒಂದು ಗಿಬ್ಸನ್ ಜೆ-200 ಅಕೌಸ್ಟಿಕ್ ಗಿಟಾರಿಗೆ ಹೆಚ್ಚುವರಿ ಶ್ರುತಿ ತಂತಿ ಹಾಕಿಸಿಕೊಂಡರು. ಆಮೇಲೆ ಗಿಬ್ಸನ್ ಕಂಪನಿ ಮತ್ತು ಗಿಟಾರ್ ತಯಾರಕ ಏಬ್ರಹಾಂ ವೆಕ್ಟರ್ ಸೇರಿ ಅವರಿಗಾಗಿ ಪೂರ್ತಿ ಹೊಸ ವಾದ್ಯ ಮಾಡಿದರು. ಅದರ ಕತ್ತನ್ನು ಪಕ್ಕದಿಂದ ನೋಡಿದರೆ ಫ್ರೆಟ್‌ಗೂ ಫ್ರೆಟ್‌ಗೂ ನಡುವೆ ಮರ ಬಟ್ಟಲಿನ ಹಾಗೆ ತಗ್ಗಾಗಿರುತ್ತದೆ. ಒಂದು ಕಡೆ ಮಾತ್ರ ಅಲ್ಲ, ಉದ್ದಕ್ಕೂ. ವೀಣೆಯಲ್ಲಿ ಮೆಟ್ಟಿಲನ್ನು ಎತ್ತರಿಸಿದರು, ಇಲ್ಲಿ ಮರವನ್ನು ಇಳಿಸಿದರು. ಬೆರಳಿಗೆ ಸಿಗುವ ಫಲ ಒಂದೇ: ತಂತಿಗೆ ಬಿಟ್ಟು ಬೇರೆ ಯಾವುದಕ್ಕೂ ತಾಗುವುದಿಲ್ಲ.

ಇದಕ್ಕೊಂದು ಬೆಲೆಯೂ ಇದೆ. ಮರದ ಆಸರೆ ಇಲ್ಲದ ಕಡೆ ಸ್ವಲ್ಪ ಜೋರಾಗಿ ಒತ್ತಿದರೂ ತಂತಿ ಕೆಳಕ್ಕೆ ಬಗ್ಗಿ ಸ್ವರ ಏರಿಬಿಡುತ್ತದೆ. ನಾಲ್ಕು ಬೆರಳಿಟ್ಟು ಕಾರ್ಡ್ ಹಿಡಿದರೆ ನಾಲ್ಕೂ ಸ್ವರ ನಾಲ್ಕು ದಿಕ್ಕಿಗೆ ಹೋಗಬಹುದು. ಜಾಝ್ ಗಿಟಾರಿನವರಿಗೆ ಕಾರ್ಡ್ ಅಂದರೆ ಅನ್ನ. ಅದನ್ನು ಅಷ್ಟರ ಮಟ್ಟಿಗೆ ಪಕ್ಕಕ್ಕಿಡಲು ಅವರು ತಯಾರಾದರು ಅನ್ನುವುದು ನನಗೆ ಈಗಲೂ ದೊಡ್ಡ ವಿಷಯ ಅನಿಸುತ್ತದೆ.

ಕೆಳಗಿನ ಏಳು ತಂತಿಗಳ ವಿಷಯ. ಅವು ಮುಖ್ಯ ತಂತಿಗಳ ಅಡಿಯಲ್ಲಿ, ಗಿಟಾರಿನ ಬಾಯಿಯ ಮೇಲೆ, ಸುಮಾರು 45 ಡಿಗ್ರಿ ಓರೆಯಾಗಿ ಹಾದು ಹೋಗುತ್ತವೆ. ಪ್ರತಿಯೊಂದನ್ನೂ ಬೇಕಾದ ಸ್ವರಕ್ಕೆ ಬೇರೆ ಬೇರೆಯಾಗಿ ಶ್ರುತಿ ಮಾಡಬಹುದು. ಸಿತಾರಿನ ತರಬ್ ತಂತಿಗಳ ಹಾಗೆ, ಮೇಲೆ ಆ ಸ್ವರ ನುಡಿದಾಗ ಇವು ತಾವಾಗಿಯೇ ಮಿಡಿಯುತ್ತವೆ. ಜೊತೆಗೆ ವೀಣೆಯ ಪಕ್ಕದ ಮೂರು ತಾಳದ ತಂತಿಗಳನ್ನು ಮೀಟುವ ಹಾಗೆ ಕೈಯಿಂದಲೂ ಸವರಬಹುದು. ಕಾರ್ಡ್ ಬಿಟ್ಟುಕೊಟ್ಟ ಜಾಗವನ್ನು ಈ ಶ್ರುತಿಯ ಅಲೆ ತುಂಬುತ್ತದೆ. ರೆಕಾರ್ಡಿಂಗ್‌ನಲ್ಲಿ ಗಿಟಾರಿನ ಹಿಂದೆ ತಂಬೂರಿಯ ಹಾಗೆ ಒಂದು ಝೇಂಕಾರ ಕೇಳಿಸುತ್ತದಲ್ಲ, ಅದರಲ್ಲಿ ಇವುಗಳ ಪಾಲು ದೊಡ್ಡದು.

ಬೇರೆ ನಾಡಿನ ವಾದ್ಯವನ್ನು ರಾಗಕ್ಕೆ ಒಗ್ಗಿಸುವುದು ನಮಗೇನು ಹೊಸದಲ್ಲ. ಯುರೋಪಿನ ಪಿಟೀಲು ಈಗ ನಮ್ಮ ಮನೆಯದೇ ಆಗಿದೆ. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು, ನಾದ ತುಂಬಿ ಬರಲಿ ಅಂತ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನ್‌ಗೆ ಮನಸೋತು, ವರ್ಷಗಟ್ಟಲೆ ಒದ್ದಾಡಿ ಅದರಲ್ಲಿ ಗಮಕ ತಂದರು. ಮ್ಯಾಕ್‌ಲಾಫ್ಲಿನ್ ಅದೇ ದಾರಿಯಲ್ಲಿ ಆ ಕಡೆಯಿಂದ ನಡೆದು ಬಂದವರು. ಇನ್ನೊಂದು ಮಾತು: ಎಳೆತವೇ ವೀಣೆಯ ಸರ್ವಸ್ವ ಅಂತ ಅಂದುಕೊಳ್ಳಬೇಡಿ. ನಮ್ಮ ಮೈಸೂರು ಬಾನಿಯಲ್ಲಿ, ಅಂದರೆ ಮೈಸೂರಿನ ವೀಣೆ ಶೈಲಿಯಲ್ಲಿ, ತಂತಿ ಎಳೆಯುವುದಕ್ಕಿಂತ ಸ್ಪಷ್ಟವಾದ ಮೀಟಿಗೆ ಪ್ರಾಧಾನ್ಯ ಹೆಚ್ಚು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಕೇಳಿದವರಿಗೆ ಇದು ಗೊತ್ತು. ಗಿಟಾರಿನಿಂದ ವೀಣೆಯ ಕಡೆ ಬರುವವರು ಆ ಬಾನಿಯನ್ನು ಕೇಳಿದರೆ ತುಂಬ ಕಲಿಯುವುದಿದೆ ಅಂತ ನನ್ನ ನಂಬಿಕೆ.

ಮತ್ತೆ ವೆಸ್ಲಿಯನ್‌ಗೆ. ಪಿಟೀಲಿನ ಎಲ್. ಶಂಕರ್ ಆಗ ಅಲ್ಲೇ ಓದುತ್ತಿದ್ದರು. ರಾಮನಾಡ್ ರಾಘವನ್ ಅಲ್ಲಿ ಮೃದಂಗ ಕಲಿಸುತ್ತಿದ್ದರು. ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಸೇರಿಕೊಂಡರು. ಶಕ್ತಿ ತಂಡ ಹುಟ್ಟಿದ್ದು ಹೀಗೆ. ಮೊದಲ ಆಲ್ಬಮ್ ಸ್ಟುಡಿಯೋದಲ್ಲಿ ಆಗಿದ್ದಲ್ಲ. 1975ರ ಜುಲೈ 5ರಂದು ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್‌ನ ಸೌತಾಂಪ್ಟನ್ ಕಾಲೇಜಿನಲ್ಲಿ ಜನರ ಮುಂದೆ ನುಡಿಸಿದ ಕಛೇರಿಯದು. ಕಿವಿಗಡಚಿಕ್ಕುವ ಎಲೆಕ್ಟ್ರಿಕ್ ತಂಡದ ಯಜಮಾನ ಅಕೌಸ್ಟಿಕ್ ಗಿಟಾರ್ ಹಿಡಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಲಯದ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವೇ ಆಗುತ್ತದೆ. ಏಳು ಎಣಿಕೆ, ಒಂಬತ್ತು ಎಣಿಕೆಯ ನಡೆ ಮಹಾವಿಷ್ಣು ದಿನಗಳಿಂದಲೇ ಅವರಿಗೆ ಇಷ್ಟ. ಆದರೆ ಒಂದು, ಎರಡು, ಮೂರು ಅಂತ ಏಳರವರೆಗೆ ಎಣಿಸುವುದು ಬೇರೆ, "ತಕಿಟ ತಕಧಿಮಿ" ಅಂತ ಬಾಯಲ್ಲಿ ಹೇಳುವುದು ಬೇರೆ. ಎರಡನೆಯದು ಎಣಿಕೆಯೇ ಅಲ್ಲ, ಅದೊಂದು ಮಾತು. ಏಳು ಎಣಿಕೆಯ ಮಿಶ್ರಚಾಪು ತಾಳ ಮೈಗೆ ಹತ್ತುವುದು ಹಾಗೆ. ಹೀಗೆ ಬಾಯಲ್ಲಿ ಸೊಲ್ಲು ಹೇಳುವ ಕೊನ್ನಕ್ಕೋಲು ಮ್ಯಾಕ್‌ಲಾಫ್ಲಿನ್‌ಗೆ ಎಷ್ಟು ಹಿಡಿಸಿತು ಅಂದರೆ, 2007ರಲ್ಲಿ ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್ ಜೊತೆ ಸೇರಿ ಅದನ್ನು ಕಲಿಸುವ ಒಂದು ಡಿವಿಡಿಯನ್ನೇ ತಂದರು. ಅವರ ಗಿಟಾರಿನ ಸುರಿಮಳೆಯಂಥ ಸ್ವರಗಳು ಗಜಿಬಿಜಿ ಅನಿಸದೆ ಇರುವುದಕ್ಕೆ ಕಾರಣ ಇದೇ ಇರಬೇಕು. ಪ್ರತಿ ಗುಂಪಿನ ಹಿಂದೆ ಒಂದು ಸೊಲ್ಲು ಇದೆ.

"ಹಾಗಾದರೆ ಅವರು ಕರ್ನಾಟಕ ಸಂಗೀತದ ವಾದಕರಾ?" ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅವರು ವೈಣಿಕರಾಗಲಿಲ್ಲ, ಗಿಟಾರನ್ನು ಬಿಡಲೂ ಇಲ್ಲ. ಶಕ್ತಿಯಲ್ಲೂ ಅವರ ಸ್ವರಗಳು ಎಷ್ಟೋ ಸಲ ರಾಗದ ಗೆರೆ ದಾಟಿ ಜಾಝ್ ಕಡೆ ವಾಲುತ್ತವೆ. ಕೋಲ್ಟ್ರೇನ್ ಕೇಳಿಸುತ್ತಾರೆ, ಬ್ಲೂಸ್ ಕೇಳಿಸುತ್ತದೆ. 1980ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫ್ಲಮೆಂಕೊ ಗಿಟಾರಿನ ಪಾಕೋ ಡಿ ಲೂಸಿಯಾ, ಇನ್ನೊಬ್ಬ ಗಿಟಾರ್ ವಾದಕ ಆಲ್ ಡಿ ಮಿಯೋಲಾ ಜೊತೆ ಕೂತಾಗ ಹುಡುಗಾಟದ ವಯಸ್ಸಿನ ಫ್ಲಮೆಂಕೊ ಮತ್ತೆ ಎದ್ದು ಬಂತು. 90ರ ದಶಕದ ಕೊನೆಯಲ್ಲಿ ಶಕ್ತಿಯನ್ನು ಮತ್ತೆ ಕಟ್ಟಿದಾಗ ಅವರ ಕೈಯಲ್ಲಿದ್ದದ್ದು ಎಲೆಕ್ಟ್ರಿಕ್ ಗಿಟಾರ್. ಪಕ್ಕದಲ್ಲಿ ಯು. ಶ್ರೀನಿವಾಸ್ ಮ್ಯಾಂಡೊಲಿನ್. 2023ರ ಜನವರಿಯಲ್ಲಿ 81ರ ವಯಸ್ಸಿನಲ್ಲಿ ತಂಡದ ಜೊತೆ ಬೆಂಗಳೂರಿಗೂ ಬಂದಿದ್ದರು. ಮರು ವರ್ಷ ಫೆಬ್ರವರಿಯಲ್ಲಿ ಶಕ್ತಿಗೆ ಗ್ರ್ಯಾಮಿ ಬಂತು. ಅದೇ ಡಿಸೆಂಬರ್‌ನಲ್ಲಿ ಜಾಕಿರ್ ಹುಸೇನ್ ಹೋಗಿಬಿಟ್ಟರು. ಅದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಕೇಳಲು ಎಲ್ಲಿಂದ ಶುರು ಮಾಡಲಿ ಅಂದರೆ, 1975ರ ಆ ಕಛೇರಿಯಿಂದಲೇ. ಆಲ್ಬಮ್‌ನಲ್ಲಿ ಮೂರೇ ಮೂರು ರಚನೆಗಳಿವೆ. ಮೊದಲು ನಡುವಿನ 'ಲೋಟಸ್ ಫೀಟ್' ಹಾಕಿ. ಐದು ನಿಮಿಷವೂ ಇಲ್ಲ, ನಿಧಾನದ್ದು. ಹೆಡ್‌ಫೋನ್ ಇದ್ದರೆ ಒಳ್ಳೆಯದು. ಮೀಟು ಬಿದ್ದ ಮೇಲೆ ಸ್ವರ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಗಮನಿಸಿ, ಬೇರೇನೂ ಬೇಡ. ಎರಡನೇ ಸಲ ಕೇಳುವಾಗ ಅದರ ಹಿಂದಿನ ಝೇಂಕಾರಕ್ಕೆ ಕಿವಿ ಕೊಡಿ. ಆಮೇಲೆ 'ಜಾಯ್'. ಅದು 18 ನಿಮಿಷ, ಬಿಡುವು ಮಾಡಿಕೊಂಡು ಕೂತುಕೊಳ್ಳಿ.