ಲೇಟೆಕ್ಸ್ ಅಲರ್ಜಿ: ಬಲೂನ್ ಬಗ್ಗೆ ಯಾಕೆ ಕೇಳಬೇಕು?

ಸುಳ್ಯ, ಕಡಬ ಕಡೆಯವರಿಗೆ ಲೇಟೆಕ್ಸ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಟ್ಯಾಪಿಂಗ್ ಮಾಡಿದ ರಬ್ಬರ್ ಮರದಿಂದ ಗೆರಟೆಗೆ ತೊಟ್ಟಿಕ್ಕುವ ಬಿಳಿ ಹಾಲೇ ಅದು. ಇಲ್ಲಿ ಮಂಗಳೂರಿನ ವಾರ್ಡಿನಲ್ಲಿ ನಾವು ನರ್ಸುಗಳು ದಿನಾ ಹಾಕುವ ಲೇಟೆಕ್ಸ್ ಗ್ಲೌಸ್ ಅಂಥ ಹಾಲಿನಿಂದಲೇ ಆಗುವುದು. ಆ ಹಾಲಿನಲ್ಲಿ ರಬ್ಬರ್ ಜೊತೆ ಮರದ ಪ್ರೋಟೀನ್‌ಗಳೂ ಇರುತ್ತವೆ. ನಿಜವಾದ ಲೇಟೆಕ್ಸ್ ಅಲರ್ಜಿ ಆಗುವುದು ಈ ಪ್ರೋಟೀನ್‌ಗಳಿಗೆ.

ಹಾಸ್ಟೆಲಿನಲ್ಲಿ ಯಾರ ಕೈ ತುರಿಸಿದರೂ ನಾವು ‘ಗ್ಲೌಸ್ ಅಲರ್ಜಿ’ ಅಂತ ಹೇಳಿಬಿಡುತ್ತೇವೆ. ಹಾಗೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: ಗ್ಲೌಸ್ ಹಾಕಿ ಎಷ್ಟು ಹೊತ್ತಿಗೆ ಶುರುವಾಯಿತು?

ಗ್ಲೌಸ್‌ನಿಂದ ಆಗುವ ತೊಂದರೆ ಮೂರು ಬಗೆ. ಜಾಸ್ತಿ ಜನರಿಗೆ ಆಗುವ ಮೊದಲನೆಯದು ಅಲರ್ಜಿಯೇ ಅಲ್ಲ. ನಮ್ಮ ಸೆಕೆಯಲ್ಲಿ ಎರಡು ಗಂಟೆ ಗ್ಲೌಸ್ ಹಾಕಿ ತೆಗೆದರೆ ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತದೆ. ಅದರ ಮೇಲೆ ಪದೇ ಪದೇ ಸೋಪು. ಚರ್ಮ ಒಣಗಿ ಬಿರಿಯುತ್ತದೆ, ಉರಿಯುತ್ತದೆ.

ಎರಡನೆಯದು ಒಂದೆರಡು ದಿನ ತಡವಾಗಿ ಬರುತ್ತದೆ. ಗ್ಲೌಸ್ ಮುಟ್ಟಿದ ಜಾಗದಲ್ಲೇ ಕೆಂಪಾಗಿ, ಸಣ್ಣ ನೀರುಗುಳ್ಳೆ ಏಳುತ್ತವೆ. ಅಲರ್ಜಿಯ ಬಗೆಗಳಲ್ಲಿ ಇದು ಟೈಪ್ 4, ರಕ್ತದ ಬಿಳಿಕಣಗಳಾದ ಟಿ ಕೋಶಗಳ ಕೆಲಸ. ಕಾರಣ ರಬ್ಬರನ್ನು ಗಟ್ಟಿ ಮಾಡಲು ಸೇರಿಸುವ ಥೈಯುರಾಮ್, ಕಾರ್ಬಮೇಟ್‌ನಂಥ ರಾಸಾಯನಿಕ. ಇದೇ ರಾಸಾಯನಿಕ ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್‌ನಲ್ಲೂ ಇರಬಹುದು. ಗ್ಲೌಸ್ ಬದಲಿಸಿದರೂ ಕೈ ವಾಸಿಯಾಗಲಿಲ್ಲ ಅನ್ನುವವರಿಗೆ ಆ ರಾಸಾಯನಿಕವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಬೇಕು.

ಮೂರನೆಯದು ನಿಮಿಷಗಳಲ್ಲಿ ಬರುತ್ತದೆ. ಟೈಪ್ 1, ರಕ್ತದಲ್ಲಿರುವ ಐಜಿಇ ಎಂಬ ಪ್ರತಿಕಾಯದ ಮೂಲಕ. ಪಿತ್ತಗಂಧೆ, ಸೀನು, ಕಣ್ಣು ತುರಿಕೆ, ಉಬ್ಬಸ. ಕೆಲವರಿಗೆ ಬಿಪಿ ಕುಸಿದು ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ದೇಹದ ತೀವ್ರ ಅಲರ್ಜಿ. ಪ್ರಾಣಕ್ಕೆ ಅಪಾಯ ಇರುವುದು ಇದರಲ್ಲಿ. ಪತ್ತೆಗೆ ಐಜಿಇ ರಕ್ತಪರೀಕ್ಷೆ ಅಥವಾ ಚರ್ಮಕ್ಕೆ ಚುಚ್ಚಿ ನೋಡುವ ಸ್ಕಿನ್ ಪ್ರಿಕ್ ಟೆಸ್ಟ್ ಉಂಟು. ಆದರೆ ಮೊದಲು ಕೇಳಿ ತಿಳಿಯಬೇಕು.

ನಾನು ಅದನ್ನು ಕಲಿತದ್ದು ಒಂಬತ್ತು ವರ್ಷದ ಒಬ್ಬ ಹುಡುಗನಿಂದ. ಹುಟ್ಟುವಾಗಲೇ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿಯ ಮೇಲೆ ಮೂಳೆ ಸರಿಯಾಗಿ ಮುಚ್ಚಿರಲಿಲ್ಲ. ಆಗಲೇ ನಾಲ್ಕು ಆಪರೇಷನ್ ಆಗಿತ್ತು. ಮೂತ್ರಕ್ಕೆ ದಿನಾ ಕ್ಯಾತೀಟರ್ ನಳಿಕೆ. ‘ಯಾವುದಾದರೂ ಔಷಧಿ ಅಲರ್ಜಿ ಉಂಟಾ ಅಮ್ಮಾ?’ ಅಂತ ಕೇಳಿದೆ. ‘ಇಲ್ಲ ಸಿಸ್ಟರ್’ ಅಂದರು. ಕೇಸ್ ಶೀಟಿನಲ್ಲಿ ‘ಇಲ್ಲ’ ಅಂತ ಬರೆದೂ ಆಯಿತು. ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ ಸುಮ್ನೆ ಮಾತಾಡುವ ಹಾಗೆ ಕೇಳಿದರು: ‘ಬಲೂನ್ ಊದ್ತಾನಾ?’

‘ಅಯ್ಯೋ, ಬಲೂನ್ ಕೊಡುವ ಹಾಗೇ ಇಲ್ಲ ಸಿಸ್ಟರ್. ತುಟಿ ದಪ್ಪ ಆಗ್ತದೆ. ಹೋದ ಸಲ ಮೈಯೆಲ್ಲ ಗಂಧೆ ಎದ್ದಿತ್ತು.’

ನಾನು ಬರೆದದ್ದನ್ನು ಹೊಡೆದು ಹಾಕಿ, ಕೆಂಪು ಪೆನ್ನಿನಲ್ಲಿ ‘ಲೇಟೆಕ್ಸ್’ ಅಂತ ಬರೆದೆ. ಬಲೂನೂ ರಬ್ಬರ್ ಹಾಲಿನದ್ದೇ. ಆ ತಾಯಿ ಸುಳ್ಳು ಹೇಳಿರಲಿಲ್ಲ. ನಾನು ಔಷಧಿ ಬಗ್ಗೆ ಮಾತ್ರ ಕೇಳಿದ್ದೆ, ಅಷ್ಟೇ.

ಸ್ಪೈನಾ ಬೈಫಿಡಾ ಮಕ್ಕಳಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಎಳವೆಯಿಂದಲೇ ಗ್ಲೌಸ್, ಟ್ಯೂಬು ದೇಹದ ಒಳಗೇ ತಾಗುತ್ತಾ ಬಂದಿರುತ್ತದೆ. ಲೇಟೆಕ್ಸ್ ಎಷ್ಟು ಸಲ ತಾಗಿತು, ಎಲ್ಲಿ ತಾಗಿತು ಎಂಬುದರ ಮೇಲೆ ಅಪಾಯ ನಿಂತಿದೆ. ಹಾಗಾಗಿ ಹಲವು ಆಪರೇಷನ್ ಆದವರು, ನಾವು ನರ್ಸುಗಳು, ಡೆಂಟಲ್‌ನವರು, ದಿನವಿಡೀ ಗ್ಲೌಸ್ ಹಾಕಿ ನೆಲ ಒರೆಸುವ ಅಕ್ಕಂದಿರು, ರಬ್ಬರ್ ಸಾಮಾನು ಮಾಡುವ ಕಾರ್ಖಾನೆಯವರು ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ಮೊದಲೇ ಅಸ್ತಮಾ, ಎಕ್ಸಿಮಾ ಎಂಬ ಚರ್ಮರೋಗ ಇದ್ದರೆ ಇನ್ನಷ್ಟು. ಗ್ಲೌಸ್ ಒದಗಿಸುವಾಗ ಹೌಸ್‌ಕೀಪಿಂಗ್‌ನವರ ಕೈ ಯಾರೂ ನೋಡುವುದಿಲ್ಲ. ನೀವಾದರೂ ನೋಡಿ.

ಹಣ್ಣಿನ ಬಗ್ಗೆಯೂ ಕೇಳಿ. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ, ಬಪ್ಪಂಗಾಯಿ (ಪಪ್ಪಾಯಿ) ಇವುಗಳ ಕೆಲವು ಪ್ರೋಟೀನ್‌ಗಳು ರಬ್ಬರ್ ಹಾಲಿನ ಪ್ರೋಟೀನನ್ನು ಹೋಲುತ್ತವೆ. ‘ಬಾಳೆಹಣ್ಣು ತಿಂದರೆ ಬಾಯಿ ತುರಿಸ್ತದೆ, ಆದರೆ ಬನ್ಸ್ ತಿಂದರೆ ಏನೂ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಿ. ನಮ್ಮ ಬನ್ಸ್ ಬಾಳೆಹಣ್ಣು ಕಲಸಿದ ಹಿಟ್ಟನ್ನು ಎಣ್ಣೆಯಲ್ಲಿ ಕರಿದು ಮಾಡುವುದು. ಇಂಥ ಕೆಲವು ಪ್ರೋಟೀನ್‌ಗಳು ಬಿಸಿಗೆ ಕೆಡುತ್ತವೆ.

ಆ ಹುಡುಗನ ಆಪರೇಷನ್ ಮರುದಿನ ಬೆಳಿಗ್ಗೆ ಮೊದಲನೆಯದು. ಯಾಕೆ ಮೊದಲನೆಯದು ಅಂದರೆ, ಗ್ಲೌಸ್‌ನ ಜೋಳದ ಪಿಷ್ಟದ ಪೌಡರ್ ಪ್ರೋಟೀನನ್ನು ಹೊತ್ತುಕೊಂಡು ಗಾಳಿಯಲ್ಲಿ ತೇಲುತ್ತದೆ. ರಾತ್ರಿಯಿಡೀ ಖಾಲಿ ಇದ್ದ ಥಿಯೇಟರಿನಲ್ಲಿ ಅದು ಕಡಿಮೆ. ಅಮೆರಿಕದಲ್ಲಿ ಪೌಡರ್ ಗ್ಲೌಸನ್ನೇ 2017ರ ಜನವರಿಯಿಂದ ನಿಷೇಧಿಸಿದ್ದಾರೆ. ಥಿಯೇಟರಿನಲ್ಲಿದ್ದ ಎಲ್ಲರಿಗೂ ಲೇಟೆಕ್ಸ್ ಇಲ್ಲದ ಗ್ಲೌಸ್, ಹುಡುಗನಿಗೆ ಸಿಲಿಕೋನ್ ಕ್ಯಾತೀಟರ್. ‘ಹೈಪೋಅಲರ್ಜೆನಿಕ್’ (ಅಲರ್ಜಿ ಕಡಿಮೆ) ಅಂತ ಡಬ್ಬಿ ಮೇಲೆ ಬರೆದಿದ್ದರೆ ಸಾಲದು. ಲೇಟೆಕ್ಸ್ ಇಲ್ಲ ಅಂತಲೇ ಬರೆದಿರಬೇಕು.

ಥಿಯೇಟರಿಗೆ ಹೋಗುವವರು ಇದನ್ನು ಗಮನಿಸಿ. ಅನಸ್ತೇಸಿಯಾ (ಅರಿವಳಿಕೆ) ಕೊಟ್ಟ ಕೂಡಲೇ ಆಗುವ ರಿಯಾಕ್ಷನ್ ಸಾಮಾನ್ಯವಾಗಿ ಔಷಧಿಯದ್ದು. ಲೇಟೆಕ್ಸ್‌ನದ್ದು ಹೆಚ್ಚಾಗಿ ಆಮೇಲೆ, ಗ್ಲೌಸ್ ಕೈ ಹೊಟ್ಟೆಯೊಳಗೆ ಆಡಲು ಶುರುವಾದ ಮೇಲೆ ಬರುತ್ತದೆ. ಮೈಮೇಲಿನ ಗಂಧೆ ಬಟ್ಟೆಯಡಿ ಕಾಣುವುದಿಲ್ಲ. ಮೊದಲು ತಿಳಿಯುವುದು ಮಾನಿಟರಿನಲ್ಲಿ ಬಿಪಿ ಇಳಿದಾಗ. ವಾರ್ಡಿನಲ್ಲಾದರೆ ಲೇಟೆಕ್ಸ್ ತೆಗೆದುಹಾಕಿ, ಡಾಕ್ಟರನ್ನು ಕರೆಯಿರಿ. ಅಡ್ರಿನಲಿನ್ ತೊಡೆಯ ಹೊರಬದಿಯ ಸ್ನಾಯುವಿಗೆ: ದೊಡ್ಡವರಿಗೆ 0.5 ಮಿಲಿಗ್ರಾಂ, ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಆಂಟಿಹಿಸ್ಟಮಿನ್ ಎಂಬ ತುರಿಕೆಯ ಔಷಧಿ ಕೊಟ್ಟು ನೋಡೋಣ ಅಂತ ಕಾಯಬೇಡಿ.