ಲೋಂಗಿ ಚಿತ್ರದ ಕಪ್ಪು ಮುಖವಾಡಕ್ಕೆ ದಾರ ಎಲ್ಲಿ?

ಪ್ರಶ್ನೆ: ಹದಿನೆಂಟನೇ ಶತಮಾನದ ವೆನಿಸ್ ಚಿತ್ರಗಳಲ್ಲಿ ಕೆಲವು ಹೆಂಗಸರು ಮೊಟ್ಟೆಯಾಕಾರದ ಕಪ್ಪು ಮುಖವಾಡ ಹಾಕಿರುತ್ತಾರೆ. ಅದಕ್ಕೆ ಬಾಯಿ ಕೊರೆದಿಲ್ಲ, ಕಟ್ಟಿಕೊಳ್ಳಲು ದಾರವೂ ಕಾಣುವುದಿಲ್ಲ. ಬೀಳದೆ ನಿಲ್ಲುವುದು ಹೇಗೆ? ಅದನ್ನು ಹಾಕಿಕೊಂಡು ಕುಣಿಯಲು ಆಗುತ್ತದೆಯೇ?

ಉತ್ತರ: ಹಲ್ಲಿನ ಬಲದಿಂದ ನಿಲ್ಲುತ್ತದೆ. ಒಳಮೈಯಲ್ಲಿ, ಬಾಯಿಗೆ ಸರಿಯಾಗಿ ಬರುವ ಕಡೆ, ಒಂದು ಗುಂಡಿ ಇರುತ್ತಿತ್ತು. ಅದನ್ನು ಕಚ್ಚಿ ಹಿಡಿದಷ್ಟು ಹೊತ್ತು ಮುಖವಾಡ ಮುಖದ ಮೇಲೆ. ಒಂದು ಮಾತಾಡಿದರೆ ಕೈಗೆ. ಹೆಸರು ಮೊರೆತ್ತಾ. ಇನ್ನೊಂದು ಹೆಸರಿನ ಅರ್ಥ ‘ಮೂಕ ದಾಸಿ’. ವ್ಯಂಗ್ಯ ಬೇಕೆಂದೇ ಇಟ್ಟಂತಿದೆ.

ಇದರ ಹತ್ತಿರದ ನಂಟಿನ ಒಂದು ಮುಖವಾಡ 2010ರಲ್ಲಿ ಇಂಗ್ಲೆಂಡಿನ ಡ್ಯಾವೆಂಟ್ರಿ ಬಳಿ ಹಳೆಯ ಮನೆಯ ಗೋಡೆಯೊಳಗೆ ಸಿಕ್ಕಿತು. 195 ಮಿ.ಮೀ. ಉದ್ದ, 170 ಮಿ.ಮೀ. ಅಗಲ, ಹೊರಗೆ ಕಪ್ಪು ಮಖಮಲ್ಲು, ಒಳಗೆ ರೇಷ್ಮೆ, ನಡುವೆ ಒತ್ತಿದ ಕಾಗದ. ಜೊತೆಗೆ, ದಾರದಲ್ಲಿ ಪೋಣಿಸಿದ ಒಂದು ಗಾಜಿನ ಮಣಿ. ಕಚ್ಚಿಕೊಳ್ಳಲು ಇದ್ದದ್ದು ಅದೇ.

ಚಿತ್ರದಲ್ಲಿ ನೋಡಬೇಕೆಂದರೆ ವೆನಿಸ್‌ನ ಚಿತ್ರಕಾರ ಪಿಯೆತ್ರೊ ಲೋಂಗಿಯ ‘ಘೇಂಡಾಮೃಗ’ (1751) ನೋಡಿ. ಅದು ವೆನಿಸ್‌ನ ಕಾ ರೆತ್ಸೋನಿಕೊ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಒಣಹುಲ್ಲು ಮೇಯುತ್ತಿರುವ ಪ್ರಾಣಿ ನಮ್ಮ ಕಡೆಯದೇ: 1741ರಲ್ಲಿ ಬಂಗಾಳದಿಂದ ಹಡಗಿನಲ್ಲಿ ಹಾಲೆಂಡಿಗೆ ಹೋದ ಕ್ಲಾರಾ. ಅದರ ಕೊಂಬು ಮೂಗಿನ ಮೇಲಿಲ್ಲ, ಕಾವಲುಗಾರ ಅದನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಾನೆ. ಹಿಂದೆ ನಿಂತ ನೋಡುಗರ ನಡುವೆ ಮೊರೆತ್ತಾ ಹಾಕಿದವಳೂ ಇದ್ದಾಳೆ. ಅಷ್ಟು ದೊಡ್ಡ ಪ್ರಾಣಿ ಎದುರಿಗಿದ್ದರೂ ಅವಳು ‘ಅಬ್ಬಾ’ ಎನ್ನುವ ಹಾಗಿಲ್ಲ.

ಅದೇ ಚಿತ್ರದಲ್ಲಿರುವ ಬಿಳಿ ಮುಖವಾಡದ ಲೆಕ್ಕ ಬೇರೆ. ಅದರ ಕೆಳಭಾಗ ಗದ್ದದಿಂದ ಮುಂದಕ್ಕೆ ಚಾಚಿರುತ್ತದೆ, ಹಾಗಾಗಿ ತೆಗೆಯದೆಯೇ ಉಣ್ಣಬಹುದು, ಕುಡಿಯಬಹುದು. ದನಿ ಮಾತ್ರ ಬದಲಾಗುತ್ತದೆ. ಮೂರು ಮೂಲೆಯ ಟೋಪಿ, ತಲೆಯಿಂದ ಹೆಗಲಿಗೆ ಇಳಿಯುವ ಕಪ್ಪು ಮುಸುಕು, ಮೇಲೊಂದು ನಿಲುವಂಗಿ ಸೇರಿದರೆ ಅದು ಬಾವುತ್ತಾ. ಇದನ್ನು ಗಂಡಸರೂ ಹೆಂಗಸರೂ ತೊಡುತ್ತಿದ್ದರು. ಆದ್ದರಿಂದ ಬಿಳಿ ಮುಖವಾಡ ಕಂಡ ಕೂಡಲೇ ಗಂಡಸೆಂದು ತೀರ್ಮಾನಿಸಿದರೆ ಎಡವುತ್ತೀರಿ. ಕೆಳಗೆ ಲಂಗ ಇದೆಯೇ ನೋಡಿ.

ಇನ್ನು ಕುಣಿತ. ಆಗಿನ ಶ್ರೀಮಂತರ ನೃತ್ಯ ಮಿನುಯೆಟ್: ಮೂರು ಎಣಿಕೆಯ ತಾಳ, ಆರು ಎಣಿಕೆಗೆ ನಾಲ್ಕು ಹೆಜ್ಜೆ. ನೆಗೆತಕ್ಕಿಂತ ಜಾರುವ ನಡೆಯೇ ಹೆಚ್ಚು, ಹಾಗಾಗಿ ಕಚ್ಚಿದ ಮುಖವಾಡ ಅಲ್ಲಾಡದೆ ಉಳಿದೀತು. ಆದರೆ ಏದುಸಿರು ಬಂದಾಗ ಬಾಯಿ ಬಿಡುವಂತಿಲ್ಲ, ಜೊತೆಗಾರನಿಗೆ ಉತ್ತರ ಕೊಡುವಂತಿಲ್ಲ. ಜಾನ್‌ದೊಮೆನಿಕೊ ತಿಯೆಪೊಲೊ 1756ರಲ್ಲಿ ಬರೆದ ‘ಮಿನುಯೆಟ್’ (ಈಗ ಬಾರ್ಸಿಲೋನಾದಲ್ಲಿದೆ) ನೋಡಿದರೆ ಮುಖವಾಡದವರು ಹೆಚ್ಚಾಗಿ ಕುಣಿಯುವ ಜೋಡಿಯ ಸುತ್ತ ಮುತ್ತಿಕೊಂಡು ನೋಡುತ್ತಿದ್ದಾರೆ.

ಮುಖವಾಡ ಕಡ್ಡಾಯವಾಗಿದ್ದದ್ದು ಜೂಜುಕೋಣೆಯಲ್ಲಿ. 1638ರಲ್ಲಿ ತೆರೆದು 1774ರಲ್ಲಿ ಮುಚ್ಚಿದ ಸರ್ಕಾರಿ ರಿದೊತ್ತೊದಲ್ಲಿ ಆಡುವವರು ಮುಖ ಮುಚ್ಚಿರಬೇಕು. ಇಸ್ಪೀಟೆಲೆ ಹಂಚುವ ಕುಲೀನ ಮಾತ್ರ ಬರಿಮುಖ. ಫ್ರಾನ್ಚೆಸ್ಕೊ ಗ್ವಾರ್ದಿ ಅಥವಾ ಲೋಂಗಿ ಬರೆದ ರಿದೊತ್ತೊ ಚಿತ್ರ ಸಿಕ್ಕರೆ, ಮೇಜಿನ ಹಿಂದೆ ಮುಖ ತೆರೆದು ಕೂತವನನ್ನು ಹುಡುಕಿ. ದುಡ್ಡಿನ ಗಂಟು ಅವನ ಬಳಿ ಇರುತ್ತದೆ.