ಎಂಟರ್ ದಿ ಡ್ರಾಗನ್‌ನ ಆ ಮುದುಕ ಖಳನಿಗೆ ಕುಂಗ್‌ಫು ಬರ್ತಿತ್ತಾ?

ಮತ್ತೆ ಅದೇ ಪ್ರಶ್ನೆ. 1973ರ ‘ಎಂಟರ್ ದಿ ಡ್ರಾಗನ್’ ಸಿನಿಮಾದ ಕೊನೆಯಲ್ಲಿ, ಕನ್ನಡಿ ಕೋಣೆಯಲ್ಲಿ, ಕತ್ತರಿಸಿದ ಕೈಗೆ ಬ್ಲೇಡಿನ ಪಂಜ ಸಿಕ್ಕಿಸಿಕೊಂಡು ಬ್ರೂಸ್ ಲೀ ಮೇಲೆ ಬೀಳ್ತಾನಲ್ಲ ಹಾನ್, ಆ ನಟನಿಗೆ ಕುಂಗ್‌ಫು ಗಂಧವೇ ಇರಲಿಲ್ಲವಂತೆ, ಸುಮ್ನೆ ಮುಖ ನೋಡಿ ಹಾಕಿಕೊಂಡರಂತೆ, ಹೌದಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ‘ಅಂತೆ’ ಸಾಯುವುದಿಲ್ಲ.

ಅವರ ಹೆಸರು ಶೆಕ್ ಕಿನ್. ಟೈಟಲ್‌ನಲ್ಲಿ ಶಿಹ್ ಕಿಯೆನ್ ಅಂತಿರುತ್ತದೆ. ಹುಟ್ಟಿದ್ದು 1913ರಲ್ಲಿ. ಚಿನ್ ವೂ ಎಂಬ ಕುಂಗ್‌ಫು ಸಂಘದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ಈಗಲ್ ಕ್ಲಾ ಮತ್ತು ಚೋಯ್ ಲೀ ಫಟ್ ವರಸೆಗಳನ್ನು ಬೇರೆಯವರಿಗೆ ಕಲಿಸುವಷ್ಟು ಪಳಗಿದವರು. ಚಿನ್ ವೂ ಯಾವುದು ಗೊತ್ತಾಯ್ತಲ್ವಾ? 1972ರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಬ್ರೂಸ್ ಲೀ ಯಾವ ಶಾಲೆಯ ಮಾನ ಕಾಯಲು ಹೊಡೆದಾಡ್ತಾರೋ, ಅದೇ. ಬ್ರೂಸ್ ಲೀ ಅಲ್ಲಿನ ಶಿಷ್ಯನಾಗಿದ್ದು ತೆರೆ ಮೇಲೆ. ನಿಜವಾಗಿ ಅಲ್ಲಿ ಕಲಿತದ್ದು ಈ ‘ಏನೂ ಬರದ’ ಮುದುಕ.

ಇನ್ನು ಅನುಭವ. 1949ರಲ್ಲಿ ಹಾಂಗ್‌ಕಾಂಗ್‌ನಲ್ಲಿ, ಚೀನಾದ ಹೆಸರಾಂತ ಕುಂಗ್‌ಫು ಗುರು ವಾಂಗ್ ಫೇ ಹಂಗ್ ಕುರಿತ ಸಿನಿಮಾಗಳು ಶುರುವಾದವು. ನಾಯಕ ಕ್ವಾನ್ ತಾಕ್ ಹಿಂಗ್, ಆ ಪಾತ್ರವನ್ನು 70ಕ್ಕೂ ಹೆಚ್ಚು ಸಲ ಮಾಡಿದವರು. ಅವುಗಳಲ್ಲಿ ಹೆಚ್ಚಿನವಕ್ಕೆ ಖಳ ನಮ್ಮ ಶೆಕ್ ಕಿನ್. ಆ ಸಿನಿಮಾಗಳು ಹೆಸರು ಮಾಡಿದ್ದೇ ದಕ್ಷಿಣ ಚೀನಾದ ಅಸಲಿ ವರಸೆ ತೋರಿಸಿದ್ದಕ್ಕೆ. ಏನೂ ಬರದವರನ್ನು ಇಟ್ಟುಕೊಂಡು ಹತ್ತಿಪ್ಪತ್ತು ವರ್ಷ ಅಂಥ ಸಿನಿಮಾ ತೆಗೀತಾರಾ?

‘ಆದರೆ ನಿಧಾನ ಕಾಣ್ತಾರಲ್ಲ ಸಾರ್’ ಅಂತೀರಿ. ಸ್ವಾಮಿ, 1973ರಲ್ಲಿ ಅವರಿಗೆ 60, ಬ್ರೂಸ್ ಲೀಗೆ 32. ಆ ಮನುಷ್ಯನ ಎದುರು ಯಾರು ತಾನೇ ನಿಧಾನ ಕಾಣಲ್ಲ? ಫೈಟ್ ಕಂಪೋಸ್ ಮಾಡಿದ್ದೂ ಬ್ರೂಸ್ ಲೀ ಅವರೇ. ಹಾನ್ ಗೆಲ್ಲಬೇಕಾದ್ದು ಕುತಂತ್ರದಿಂದ, ಕನ್ನಡಿಗಳ ಹಿಂದೆ ಅವಿತು. ಕಥೆಯೇ ಹಾಗಿದೆ.

ಈ ಪುಕಾರು ಎಲ್ಲಿಂದ ಹುಟ್ಟಿತು ಅಂದರೆ, ನನ್ನ ಲೆಕ್ಕದಲ್ಲಿ ದನಿಯಿಂದ. ಹಾನ್ ಬಾಯಿಂದ ಬರುವ ಆ ಗತ್ತಿನ ಇಂಗ್ಲಿಷ್ ಶೆಕ್ ಕಿನ್ ಅವರದ್ದಲ್ಲ, ಕೀ ಲೂಕ್ ಎಂಬ ಅಮೆರಿಕದ ನಟನದ್ದು. ದನಿ ಬೇರೆಯವರದ್ದು ಅಂತ ಗೊತ್ತಾದ ಮೇಲೆ ಕೈಕಾಲೂ ಬೇರೆಯವರದ್ದೇ ಇರಬೇಕು ಅಂದುಕೊಳ್ಳೋದು ಸುಲಭ. ಕೀ ಲೂಕ್ ಯಾರು ಅಂತ ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ: ‘ಕುಂಗ್ ಫೂ’ ಟಿವಿ ಸರಣಿಯಲ್ಲಿ ಕಣ್ಣು ಕಾಣದ ಗುರು ಪೋ ಇದ್ದರಲ್ಲ, ಅವರೇ. ಅಲ್ಲಿ ಶಿಷ್ಯನಿಗೆ ಬುದ್ಧಿ ಹೇಳಿದ ಗಂಟಲೇ ಇಲ್ಲಿ ಅಫೀಮು ದಂಧೆಯ ಹಾನ್‌ದು.

ಶೆಕ್ ಕಿನ್ ಬರೀ ಖಳ ಅಂದುಕೊಂಡವರು 1980ರ ‘ದಿ ಯಂಗ್ ಮಾಸ್ಟರ್’ ಹುಡುಕಿ ನೋಡಿ. ಜಾಕಿ ಚಾನ್ ಬೆನ್ನು ಹತ್ತುವ ಪೊಲೀಸ್ ಅಧಿಕಾರಿ ಅವರು, ಅವರ ಮಗನ ಪಾತ್ರ ಯುಯೆನ್ ಬಿಯಾವ್‌ದು. ಆಗ ಅವರಿಗೆ 67, ನಗಿಸ್ತಾರೆ ಕೂಡ.